ಎಪಿ ಅಮೆರಿಕ ಇತಿಹಾಸ: ಈ ಅಂಕಗಳಿಗೆ ಕೊನೆಗೆ ಎಷ್ಟು ಬರಬಹುದು? ಏಳು ವಾರ ಉಳಿದಿದೆ

ನಿದ್ದೆಗೆಟ್ಟ ಅಮ್ಮ
ಮಾರ್ಚ್ 20, 2025

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಹನ್ನೊಂದನೆಯ ತರಗತಿ, ಮೇ ತಿಂಗಳಲ್ಲಿ ಎಪಿ (ಪ್ರೌಢಶಾಲೆಯಲ್ಲೇ ಓದುವ ಕಾಲೇಜು ಮಟ್ಟದ ವಿಷಯ) ಅಮೆರಿಕ ಇತಿಹಾಸದ ಪರೀಕ್ಷೆ ಬರೆಯಬೇಕು, ಕೊನೆಗೆ ಬರುವುದು 1ರಿಂದ 5ರೊಳಗಿನ ಒಂದು ಅಂಕ. ಕಳೆದ ಶನಿವಾರ ಊಟದ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಮೂರೂಕಾಲು ಗಂಟೆ ಕುಳಿತು ಪೂರ್ತಿ ಮಾದರಿ ಪರೀಕ್ಷೆ ಬರೆದಳು. ಬಹು ಆಯ್ಕೆಯಲ್ಲಿ 55ಕ್ಕೆ 38, ಕಿರು ಉತ್ತರಗಳಲ್ಲಿ 9ಕ್ಕೆ 6, ದಾಖಲೆ ಆಧರಿಸಿದ ಪ್ರಬಂಧದಲ್ಲಿ, ಅಂದರೆ ಡಿಬಿಕ್ಯೂನಲ್ಲಿ, 7ಕ್ಕೆ 4, ದೀರ್ಘ ಪ್ರಬಂಧದಲ್ಲಿ 6ಕ್ಕೆ 3. ಪ್ರಬಂಧಗಳಿಗೆ ಅಂಕ ಹಾಕಿಕೊಂಡವಳೂ ಅವಳೇ.

ಇವನ್ನು ಮೂರು ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಿಗೆ ಹಾಕಿ ನೋಡಿದೆವು. ಒಂದು 3 ಎಂದಿತು, ಇನ್ನೊಂದು 4 ಎಂದಿತು, ಮೂರನೆಯದು ಪರದೆಯ ತುಂಬ ಬಣ್ಣದ ಚೂರುಗಳನ್ನು ಹಾರಿಸಿ 4 ಎಂದಿತು. ಯಾವುದನ್ನು ನಂಬುವುದು? ಏಳು ವಾರದಲ್ಲಿ 5ಕ್ಕೆ ಏರಲು ಆಗುತ್ತದೆಯೇ?

ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವಳು. ನನ್ನ ಇತಿಹಾಸ ಎಸ್ಎಸ್ಎಲ್‌ಸಿಗೇ ಮುಗಿಯಿತು, ಅದೂ ಇಸವಿಗಳನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು. ಹಾಗಾಗಿ ಅವಳಿಗೆ ನನ್ನಿಂದ ಚಹಾ ಬಿಟ್ಟರೆ ಬೇರೆ ಸಹಾಯವಿಲ್ಲ.

ಲೆಕ್ಕಿಗ
ಮಾರ್ಚ್ 20

ಕ್ಯಾಲ್ಕುಲೇಟರ್ ಬೇಡ, ಕಾಗದ ಪೆನ್ಸಿಲ್ ಸಾಕು. ಪರೀಕ್ಷೆಯ ತೂಕ ಎಲ್ಲರಿಗೂ ಗೊತ್ತಿರುವಂಥದ್ದೇ: ಬಹು ಆಯ್ಕೆಗೆ ನೂರಕ್ಕೆ 40, ಕಿರು ಉತ್ತರಗಳಿಗೆ 20, ಡಿಬಿಕ್ಯೂಗೆ 25, ದೀರ್ಘ ಪ್ರಬಂಧಕ್ಕೆ 15. ನಿಮ್ಮ ಮಗಳ ಅಂಕಗಳನ್ನು ಇದಕ್ಕೆ ಇಳಿಸಿದರೆ 27.6, 13.3, 14.3, 7.5. ಒಟ್ಟು ನೂರಕ್ಕೆ ಸುಮಾರು 62.8.

ಇಲ್ಲಿಯವರೆಗೆ ಗಣಿತ, ಇಲ್ಲಿಂದಾಚೆಗೆ ಜ್ಯೋತಿಷ್ಯ. ನೂರಕ್ಕೆ ಎಷ್ಟು ಬಂದರೆ 4, ಎಷ್ಟು ಬಂದರೆ 5 ಎಂಬ ಗಡಿಯನ್ನು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಪ್ರತಿ ವರ್ಷ ಬಹಿರಂಗಪಡಿಸುವುದಿಲ್ಲ. ಹಿಂದೆಂದೋ ಬಿಡುಗಡೆಯಾದ ಪ್ರಶ್ನೆಪತ್ರಿಕೆಗಳ ಜೊತೆ ಸಿಕ್ಕ ಪಟ್ಟಿಗಳನ್ನು ಇಟ್ಟುಕೊಂಡು ಈ ಜಾಲತಾಣಗಳು ಊಹೆ ಮಾಡುತ್ತವೆ. ಒಂದೊಂದು ಒಂದೊಂದು ವರ್ಷದ ಪಟ್ಟಿ ಹಿಡಿದುಕೊಂಡಿದೆ, ಅದಕ್ಕೇ ಮೂರು ಉತ್ತರ.

ಆದರೆ ಇದೇ ಲೆಕ್ಕದಿಂದ ಬೇರೊಂದು ಕೆಲಸ ಆಗುತ್ತದೆ. ಒಂದು ಬಹು ಆಯ್ಕೆ ಪ್ರಶ್ನೆಯ ಬೆಲೆ ನೂರಕ್ಕೆ 0.73. ಡಿಬಿಕ್ಯೂನ ಒಂದು ಅಂಕದ ಬೆಲೆ 3.57. ಅಂದರೆ ಡಿಬಿಕ್ಯೂನಲ್ಲಿ ಒಂದು ಅಂಕ ಗಳಿಸುವುದೂ ಬಹು ಆಯ್ಕೆಯಲ್ಲಿ ಐದು ಪ್ರಶ್ನೆ ಹೆಚ್ಚು ಸರಿ ಮಾಡುವುದೂ ಹೆಚ್ಚು ಕಡಿಮೆ ಒಂದೇ. ಕಿರು ಉತ್ತರದ ಒಂದು ಅಂಕ ಮೂರು ಪ್ರಶ್ನೆಗೆ ಸಮ, ದೀರ್ಘ ಪ್ರಬಂಧದ ಒಂದು ಅಂಕ ಮೂರೂವರೆಗೆ. 38ನ್ನು 48 ಮಾಡಲು ಇಡೀ ಪುಸ್ತಕವನ್ನು ಇನ್ನೊಮ್ಮೆ ಓದಬೇಕು. ಡಿಬಿಕ್ಯೂ 4ನ್ನು 6 ಮಾಡಲು ನಾಲ್ಕೈದು ಭಾನುವಾರ ಸಾಕು. ಎರಡರ ಫಲವೂ ಏಳು ಚಿಲ್ಲರೆ.

ಹಳೇ ಹುಬ್ಬಳ್ಳಿ
ಮಾರ್ಚ್ 21

ಲೆಕ್ಕಿಗರ ಮಾತಿಗೆ ಒಂದು ಸೇರ್ಪಡೆ, ಒಂದು ತಕರಾರು.

ಸೇರ್ಪಡೆ ಇದು. 2023ರಲ್ಲಿ ಈ ಪರೀಕ್ಷೆಯಲ್ಲಿ 3 ಅಥವಾ ಹೆಚ್ಚು ಪಡೆದವರು ನೂರಕ್ಕೆ ಸುಮಾರು 48 ಮಂದಿ. 2024ರಲ್ಲಿ ಅದು 72ಕ್ಕೆ ಜಿಗಿಯಿತು. ಒಂದೇ ವರ್ಷದಲ್ಲಿ ಅಮೆರಿಕದ ಮಕ್ಕಳೆಲ್ಲ ಜಾಣರಾದರೆಂದಲ್ಲ, ಗಡಿ ಗುರುತಿಸುವ ವಿಧಾನವೇ ಬದಲಾಯಿತು. ಇಂಥ ಅಂಕ ಪಡೆದವರು ಕಾಲೇಜಿನ ಅದೇ ವಿಷಯದಲ್ಲಿ ಹೇಗೆ ಮಾಡುತ್ತಾರೆ ಎಂಬ ಮಾಹಿತಿಯನ್ನು ಇಟ್ಟುಕೊಂಡು ಹೊಸದಾಗಿ ಗೆರೆ ಎಳೆದರು. ಆದ್ದರಿಂದ 2023ಕ್ಕೂ ಹಿಂದಿನ ಪಟ್ಟಿ ಇಟ್ಟುಕೊಂಡ ಕ್ಯಾಲ್ಕುಲೇಟರ್ ಕಡಿಮೆಯೇ ತೋರಿಸುತ್ತದೆ. ನಿಮಗೆ 3 ತೋರಿಸಿದ್ದು ಅಂಥದ್ದೇ ಇರಬೇಕು.

ಇನ್ನು ತಕರಾರು. ಹೀಗೆ ಗೆರೆಯನ್ನೇ ಸರಿಸುತ್ತಾ ಹೋದರೆ 4 ಎಂಬುದಕ್ಕೆ ಏನು ಬೆಲೆ? ನನ್ನ ದೊಡ್ಡ ಮಗ 2022ರಲ್ಲಿ 3 ಪಡೆದ. ಈಗ ಬರೆದಿದ್ದರೆ 4 ಬರುತ್ತಿತ್ತು ಎಂದು ಮನೆಯಲ್ಲಿ ಇನ್ನೂ ಗೊಣಗುತ್ತಾನೆ. ಆ ಗೊಣಗಾಟದಲ್ಲಿ ನ್ಯಾಯವಿದೆ ಎಂದೇ ನನಗೂ ಅನ್ನಿಸುತ್ತದೆ.

ಕೆಂಪುಶಾಯಿ
ಮಾರ್ಚ್ 21

ನಾನು ಟೆಕ್ಸಾಸ್‌ನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ವಿಷಯವನ್ನೇ ಕಲಿಸುತ್ತೇನೆ. ಅಮ್ಮನವರೇ, ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸಂಖ್ಯೆಗಳಲ್ಲ, 'ಅಂಕ ಹಾಕಿಕೊಂಡವಳೂ ಅವಳೇ' ಎಂಬ ಮಾತು. ಬಹು ಆಯ್ಕೆಯ 38 ಗಟ್ಟಿ ಸಂಖ್ಯೆ, ಅದನ್ನು ಯಂತ್ರ ಎಣಿಸಿದರೂ ಅಷ್ಟೇ. ಡಿಬಿಕ್ಯೂನ 4 ಹಾಗಲ್ಲ. ತಾನು ಬರೆದದ್ದನ್ನು ತಾನೇ ಓದುವಾಗ ಕಾಗದದ ಮೇಲೆ ಇಲ್ಲದ್ದೂ ಕಾಣಿಸುತ್ತದೆ, ಏಕೆಂದರೆ ಅದು ತಲೆಯಲ್ಲಿ ಇರುತ್ತದೆ. ನನ್ನ ತರಗತಿಯಲ್ಲಿ ಮಕ್ಕಳು ತಮಗೆ ತಾವೇ ಕೊಟ್ಟುಕೊಂಡ 5 ನನ್ನ ಕೈಯಲ್ಲಿ 3 ಆಗುವುದು ಮಾಮೂಲು. ತೀರ ಸಂಕೋಚದ ಕೆಲವು ಮಕ್ಕಳು ತಮಗೆ ಕಡಿಮೆ ಹಾಕಿಕೊಳ್ಳುವುದೂ ಉಂಟು.

ಅವಳ ಡಿಬಿಕ್ಯೂನ ಮೊದಲ ಪ್ಯಾರಾ ಮತ್ತು ಒಂದು ದಾಖಲೆಯನ್ನು ಬಳಸಿದ ಭಾಗವನ್ನು ಇಲ್ಲಿ ಹಾಕುತ್ತೀರಾ? ಎರಡು ದಿನ ಕೊಡಿ, ನೋಡಿ ಹೇಳುತ್ತೇನೆ.

ನಿದ್ದೆಗೆಟ್ಟ ಅಮ್ಮ
ಮಾರ್ಚ್ 22

ಇದೋ ಹಾಕುತ್ತಿದ್ದೇನೆ, ಕನ್ನಡಕ್ಕೆ ತಂದವಳು ನಾನು. ಪ್ರಶ್ನೆ: 1865ರಿಂದ 1900ರವರೆಗೆ ಕೈಗಾರಿಕೆಯ ಬೆಳವಣಿಗೆ ಕಾರ್ಮಿಕರ ಬದುಕನ್ನು ಎಷ್ಟರ ಮಟ್ಟಿಗೆ ಬದಲಿಸಿತು?

'ಅನಾದಿ ಕಾಲದಿಂದಲೂ ಮನುಷ್ಯ ದುಡಿಯುತ್ತಲೇ ಬಂದಿದ್ದಾನೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಬದಲಾವಣೆಗಳಾದವು. ಕೈಗಾರಿಕೆಯ ಬೆಳವಣಿಗೆ ಕಾರ್ಮಿಕರ ಬದುಕನ್ನು ಒಳ್ಳೆಯ ರೀತಿಯಲ್ಲೂ ಕೆಟ್ಟ ರೀತಿಯಲ್ಲೂ ಬಹುಮಟ್ಟಿಗೆ ಬದಲಿಸಿತು.'

ದಾಖಲೆಯ ಭಾಗ: 'ಎರಡನೆಯ ದಾಖಲೆಯಲ್ಲಿ ಆಂಡ್ರೂ ಕಾರ್ನೆಗಿ, ಶ್ರೀಮಂತರು ತಮ್ಮ ಸಂಪತ್ತನ್ನು ಸಮಾಜದ ಒಳಿತಿಗೆ ಬಳಸಬೇಕು ಎನ್ನುತ್ತಾನೆ. ಅವನು ಉಕ್ಕಿನ ಕಾರ್ಖಾನೆಯ ಮಾಲೀಕನಾದ್ದರಿಂದ ಪಕ್ಷಪಾತಿ.'

ನನಗೆ ಚೆನ್ನಾಗಿಯೇ ಇದೆ ಅನ್ನಿಸಿತು. ಇಂಗ್ಲಿಷಿನಲ್ಲಂತೂ ಬಹಳ ಸೊಗಸಾಗಿದೆ.

ಕೆಂಪುಶಾಯಿ
ಮಾರ್ಚ್ 24

ಸೊಗಸಿಗೆ ಅಂಕವಿಲ್ಲ, ಇದು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ. ಇದು ಗಡಿಯಾರದ ಎದುರು ಬರೆದ ಮೊದಲ ಕರಡು ಎಂದೇ ಅಂಕ ಹಾಕುವ ಓದುಗರು ಭಾವಿಸುತ್ತಾರೆ. ಅರ್ಥ ಕೆಡದಿದ್ದರೆ ವ್ಯಾಕರಣದ ತಪ್ಪಿಗೆ ಏನೂ ಕಳೆಯುವುದಿಲ್ಲ. ಜೂನ್‌ನಲ್ಲಿ ಸೇರುವ ಆ ಓದುಗರು ಕಾಲೇಜು ಅಧ್ಯಾಪಕರು ಮತ್ತು ನಮ್ಮಂಥ ಶಾಲಾ ಶಿಕ್ಷಕರು. ಅವರ ಎದುರು ರೂಬ್ರಿಕ್, ಅಂದರೆ ಅಂಕ ಕೊಡುವ ನಿಯಮಗಳ ಪಟ್ಟಿ, ಇರುತ್ತದೆ, ಅದರ ಒಂದೊಂದು ಸಾಲಿಗೆ ಒಂದೊಂದು ಅಂಕ. ಇದೆಯೋ ಇಲ್ಲವೋ, ಅಷ್ಟೇ. ಹಾಗೆಯೇ ನೋಡೋಣ.

ಹಿನ್ನೆಲೆಯ ಅಂಕ: ಸಿಗುವುದಿಲ್ಲ. 'ಅನಾದಿ ಕಾಲದಿಂದಲೂ' ಎಂದು ಶುರುವಾದ ಪ್ರಬಂಧವನ್ನು ಕಂಡರೆ ನನ್ನ ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಗುತ್ತದೆ. ಹಿನ್ನೆಲೆ ಎಂದರೆ ಈ ಪ್ರಶ್ನೆಯ ಹೊಸ್ತಿಲಿಗೆ ತಂದು ನಿಲ್ಲಿಸುವ ಇತಿಹಾಸ. ಅಂತರ್ಯುದ್ಧ ಮುಗಿದದ್ದು, 1869ರಲ್ಲಿ ದೇಶದ ಎರಡು ಅಂಚುಗಳನ್ನು ರೈಲು ಜೋಡಿಸಿದ್ದು, ಅದರಿಂದ ಇಡೀ ದೇಶ ಒಂದೇ ಮಾರುಕಟ್ಟೆಯಾದದ್ದು, ಕಾರ್ಖಾನೆಗಳಿಗೆ ಯುರೋಪಿನಿಂದ ಹಡಗು ಹಡಗಾಗಿ ಜನ ಬಂದದ್ದು. ಇಂಥ ಮೂರು ನಾಲ್ಕು ವಾಕ್ಯ ಬರೆದು ಅವನ್ನು ಪ್ರಶ್ನೆಗೆ ಕಟ್ಟಿದರೆ ಸಾಕು.

ಥೀಸಿಸ್ (ಪ್ರಬಂಧದ ಮುಖ್ಯ ವಾದ) ಅಂಕ: ಸಿಗುವುದಿಲ್ಲ. ನಿಮಗೆ ಬೇಸರವಾಗುತ್ತದೆ ಎಂದು ಗೊತ್ತು. ಆದರೆ ಆ ವಾಕ್ಯ ಪ್ರಶ್ನೆಯನ್ನೇ ಮಗುಚಿ ಹಾಕಿದೆ. 'ಒಳ್ಳೆಯದೂ ಕೆಟ್ಟದೂ' ಎಂಬುದನ್ನು ಯಾವ ಶತಮಾನಕ್ಕೆ, ಯಾವ ದೇಶಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತದೆ. ಏಕೆ, ಹೇಗೆ ಎಂಬುದೂ ಅಲ್ಲೇ ಬರಬೇಕು. ಉದಾಹರಣೆಗೆ: 'ಕೆಲಸದ ಹಿಡಿತ ಕುಶಲಕರ್ಮಿಯ ಕೈಯಿಂದ ಕಾರ್ಖಾನೆಯ ಮಾಲೀಕನ ಕೈಗೆ ಹೋದದ್ದರಿಂದ ಕಾರ್ಮಿಕರ ದಿನಚರಿ ಬುಡಮೇಲಾಯಿತು, ಆದರೆ ಮುಷ್ಕರಗಳಲ್ಲಿ ಸರ್ಕಾರ ಮಾಲೀಕರ ಪಕ್ಷವನ್ನೇ ಹಿಡಿದ ಕಾರಣ ಅವರ ರಾಜಕೀಯ ಬಲ ಅಷ್ಟೇನೂ ಬೆಳೆಯಲಿಲ್ಲ.' ಇದನ್ನು ಒಪ್ಪದವನು ಎದ್ದು ಜಗಳವಾಡಬಹುದು. ಜಗಳಕ್ಕೆ ಆಸ್ಪದವಿದ್ದರೆ ಥೀಸಿಸ್, ಇಲ್ಲದಿದ್ದರೆ ಬರೀ ಪೀಠಿಕೆ.

ಈ ಥೀಸಿಸ್‌ನ ಇನ್ನೊಂದು ಲಾಭ ನೋಡಿ. ದಾಖಲೆಗಳ ಹೊರಗಿನ ಒಂದು ಸಾಕ್ಷ್ಯ ಕೊಡಬೇಕೆಂಬ ಅಂಕವೂ ಇದರಿಂದಲೇ ದಕ್ಕುತ್ತದೆ. 1877ರ ರೈಲ್ವೆ ಮುಷ್ಕರದ ಮೇಲೆ ಅಧ್ಯಕ್ಷ ಹೇಯ್ಸ್, 1894ರ ಪುಲ್‌ಮನ್ ಮುಷ್ಕರದ ಮೇಲೆ ಅಧ್ಯಕ್ಷ ಕ್ಲೀವ್‌ಲೆಂಡ್ ಸೈನ್ಯ ಕಳುಹಿಸಿದರು. ದಾಖಲೆಗಳಲ್ಲಿ ಇವು ಇಲ್ಲದಿದ್ದರೆ ಒಂದನ್ನು ಎರಡು ವಾಕ್ಯದಲ್ಲಿ ವಿವರಿಸಿ ವಾದಕ್ಕೆ ಸೇರಿಸಬೇಕು. ಒಂದು ಎಚ್ಚರಿಕೆ: ಹಿನ್ನೆಲೆಯಲ್ಲಿ ಬಳಸಿದ್ದನ್ನೇ ಮತ್ತೆ ಹೊರಗಿನ ಸಾಕ್ಷ್ಯ ಎಂದು ತೋರಿಸಿದರೆ ಎರಡನೆಯ ಅಂಕ ಇಲ್ಲ. ಒಂದೇ ಟಿಕೆಟ್‌ನಲ್ಲಿ ಎರಡು ಸಲ ಪ್ರಯಾಣ ಮಾಡಲು ಬಿಡುವುದಿಲ್ಲ.

ಇನ್ನು ಕಾರ್ನೆಗಿ. ದಾಖಲೆಯ ವಿಷಯವನ್ನು ಸರಿಯಾಗಿಯೇ ಹೇಳಿದ್ದಾಳೆ. ಆದರೆ ಅದು ಅವಳ ಯಾವ ವಾದಕ್ಕೆ ಬಲ ಕೊಡುತ್ತದೆ? ಹೇಳಿಲ್ಲ. ಮೂರು ದಾಖಲೆಗಳ ವಿಷಯವನ್ನು ಸರಿಯಾಗಿ ಹೇಳಿದರೆ ಒಂದು ಅಂಕ, ನಾಲ್ಕನ್ನು ವಾದಕ್ಕೆ ದುಡಿಸಿಕೊಂಡರೆ ಎರಡು. 'ಮಾಲೀಕನಾದ್ದರಿಂದ ಪಕ್ಷಪಾತಿ' ಎಂಬ ವಾಕ್ಯ ದೇಶದ ಅರ್ಧ ಮಕ್ಕಳು ಬರೆಯುವಂಥದ್ದು, ಅದಕ್ಕೆ ಸೋರ್ಸಿಂಗ್ ಅಂಕ, ಅಂದರೆ ದಾಖಲೆಯನ್ನು ಯಾರು, ಯಾರಿಗಾಗಿ, ಏಕೆ ಬರೆದರು ಎಂಬುದನ್ನು ವಾದಕ್ಕೆ ಕಟ್ಟಿದ್ದಕ್ಕೆ ಕೊಡುವ ಅಂಕ, ಸಿಗುವುದಿಲ್ಲ. ಕಾರ್ನೆಗಿಯ ಆ ಪ್ರಬಂಧ ಪ್ರಕಟವಾದದ್ದು 1889ರಲ್ಲಿ. ಮೂರು ವರ್ಷದ ನಂತರ ಅವನದೇ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ರಕ್ತ ಹರಿಯಿತು. ಓದುಬಲ್ಲ ಅನುಕೂಲಸ್ಥರ ಪತ್ರಿಕೆಯಲ್ಲಿ ದೊಡ್ಡ ಸಂಪತ್ತನ್ನು ಸಮರ್ಥಿಸಿಕೊಳ್ಳಬೇಕಾದ ಅಗತ್ಯ ಅವನಿಗೆ ಬಿದ್ದದ್ದೇ ಆ ಸಂಪತ್ತನ್ನು ಜನ ಪ್ರಶ್ನಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿ. ಈ ಕೊನೆಯ ವಾಕ್ಯ ಬರೆದರೆ ಸೋರ್ಸಿಂಗ್. ಎರಡು ದಾಖಲೆಗಳಿಗೆ ಹೀಗೆ ಮಾಡಿದರೆ ಅಂಕ ದಕ್ಕುತ್ತದೆ.

ನನ್ನ ಲೆಕ್ಕದಲ್ಲಿ, ಉಳಿದ ಪ್ರಬಂಧ ಚೆನ್ನಾಗಿದ್ದರೂ ಇದು 3. ಮೊನ್ನೆಯ 62.8ನ್ನು 59 ಎಂದು ತಿದ್ದಿಕೊಳ್ಳಿ.

ನಿದ್ದೆಗೆಟ್ಟ ಅಮ್ಮ
ಮಾರ್ಚ್ 24

ಒಂದು ಪ್ಯಾರಾಕ್ಕೆ ಇಷ್ಟು! ನನಗೆ ಮುಖ ಸಣ್ಣದಾಯಿತು. ಅವಳಿಗೆ ಹೇಗೆ ಹೇಳುವುದೋ ನೋಡಬೇಕು. ಆದರೂ ತುಂಬ ಧನ್ಯವಾದ.

ತುಂಗಾತೀರ
ಮಾರ್ಚ್ 25

ಸೋರ್ಸಿಂಗ್ ಎಂಬುದು ನಮ್ಮ ಮನೆಯಲ್ಲೂ ದೊಡ್ಡ ತಲೆನೋವಾಗಿತ್ತು. ಅದನ್ನು ಬಿಡಿಸಿದವರು ನಮ್ಮ ಮಾವ. ಶಿವಮೊಗ್ಗ ಕಡೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಕಳೆದ ವರ್ಷ ಆರು ತಿಂಗಳು ಇಲ್ಲಿದ್ದರು. ಮೊಮ್ಮಗ ಪಕ್ಷಪಾತಿ, ಪಕ್ಷಪಾತಿ ಎಂದು ಬರೆಯುತ್ತಿದ್ದುದನ್ನು ನೋಡಿ ಐಹೊಳೆಯ ಶಾಸನದ ಕಥೆ ಹೇಳಿದರು.

634ರ ಆ ಶಾಸನ ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷವೇ ಭಯದಿಂದ ಇಳಿದುಹೋಯಿತು ಎಂದು ಶ್ಲೇಷೆಯಲ್ಲಿ ಹೇಳುತ್ತಾನೆ. 'ಇವನು ಪುಲಕೇಶಿಯ ಕಡೆಯವನು, ಆದ್ದರಿಂದ ಇದು ಸುಳ್ಳು ಎಂದು ಶಾಸನವನ್ನೇ ಎಸೆದುಬಿಡುತ್ತೀಯಾ?' ಎಂದು ಮಾವ ಕೇಳಿದರು. ಹುಡುಗ ಸುಮ್ಮನಾದ. 'ಎಸೆಯಬೇಡ. ಯಾರು, ಯಾರ ಕಣ್ಣಿಗೆ ಬೀಳಲೆಂದು, ಯಾವ ಹೊತ್ತಿನಲ್ಲಿ ಇದನ್ನು ಕಲ್ಲಿನ ಮೇಲೆ ಕೊರೆಸಿದ ಎಂದು ಕೇಳು. ದೇವಾಲಯ ಕಟ್ಟಿಸಿ ಅದರ ಗೋಡೆಯ ಮೇಲೆ ದೊರೆಯ ಗೆಲುವನ್ನು ಹಾಡಿದವನು, ಅದೇ ಉಸಿರಿನಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನು. ಹಾಗಾದರೆ ಉತ್ತರದ ದೊರೆಯನ್ನು ತಡೆದದ್ದು ಆ ಕಾಲದ ಬಾದಾಮಿಯಲ್ಲಿ ಎಷ್ಟು ದೊಡ್ಡ ಹೆಮ್ಮೆಯಾಗಿತ್ತು ಎಂದು ಇದರಿಂದಲೇ ತಿಳಿಯುತ್ತದಲ್ಲ!'

ಅಂದಿನಿಂದ ನಮ್ಮ ಹುಡುಗ ಪ್ರತಿ ದಾಖಲೆಯನ್ನೂ ಶಾಸನ ಎಂದೇ ಕರೆಯುತ್ತಾನೆ. ಟ್ರೂಮನ್‌ನ ಭಾಷಣವೂ ಶಾಸನ, ಸೋಪಿನ ಜಾಹೀರಾತೂ ಶಾಸನ.

ಕೆಂಪುಶಾಯಿ
ಮಾರ್ಚ್ 25

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ನಾಳೆಯ ತರಗತಿಯಲ್ಲಿ ರವಿಕೀರ್ತಿ ಟೆಕ್ಸಾಸ್‌ಗೆ ಬರುತ್ತಾನೆ.

ಗುರಿ ಐದು
ಮಾರ್ಚ್ 27

ಇಷ್ಟೆಲ್ಲ ಏಕೆ? ಒಳ್ಳೆಯ ಕೋಚಿಂಗ್‌ಗೆ ಹಾಕಿ, ಮಾದರಿ ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿ. ಭಾರತದ ಮಕ್ಕಳಿಗೆ ಬಾಯಿಪಾಠ ರಕ್ತದಲ್ಲೇ ಇದೆ. ಇನ್ನೊಂದು ಉಪಾಯ: ಪ್ರತಿ ಪ್ರಬಂಧದಲ್ಲೂ ಭಾರತವನ್ನು ತಂದರೆ ಓದುವವರಿಗೆ ಹೊಸದಾಗಿ ಕಾಣುತ್ತದೆ. 5 ಬರದಿದ್ದರೆ ಈ ಪರೀಕ್ಷೆ ಬರೆದೂ ದಂಡ.

ಕೆಂಪುಶಾಯಿ
ಮಾರ್ಚ್ 27

ದಂಡ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 3ಕ್ಕೂ ಕ್ರೆಡಿಟ್, ಅಂದರೆ ಪದವಿಗೆ ಲೆಕ್ಕವಾಗುವ ಮಾನ್ಯತೆ, ಕೊಡುತ್ತದೆ. ಬೇರೆ ಕೆಲವು ಕಡೆ 4 ಬೇಕು, ಕೆಲವೆಡೆ 5. ಯಾವ ಕಾಲೇಜು ಎಂದು ನೋಡದೆ ಈ ಮಾತಾಡಬಾರದು.

ಬಾಯಿಪಾಠದ ಪ್ರಬಂಧ ಪ್ರಶ್ನೆಗೆ ಹೊಂದುವುದೇ ಇಲ್ಲ. ಆ ಏಳು ದಾಖಲೆಗಳು ಯಾವುವು ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ! ಭಾರತದ ವಿಚಾರಕ್ಕೆ ಬಂದರೆ, ಪ್ರಶ್ನೆ ವಲಸೆಯ ಬಗ್ಗೆ ಇದ್ದಾಗ ಖಂಡಿತ ತನ್ನಿ. 1917ರ ಕಾನೂನು ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. 1923ರಲ್ಲಿ ಸುಪ್ರೀಂ ಕೋರ್ಟ್, ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ಪೌರತ್ವ ಇಲ್ಲವೆಂದಿತು. 1946ರ ಕಾನೂನು ಪೌರತ್ವದ ದಾರಿ ತೆರೆದರೂ ಭಾರತದಿಂದ ವರ್ಷಕ್ಕೆ ಬಿಟ್ಟುಕೊಂಡದ್ದು ಸುಮಾರು ನೂರು ಜನರನ್ನು. 1965ರ ಕಾನೂನು ರಾಷ್ಟ್ರಮೂಲ ನೋಡಿ ಹಂಚುತ್ತಿದ್ದ ಹಳೆಯ ಕೋಟಾ ಪದ್ಧತಿಯನ್ನೇ ಕಿತ್ತುಹಾಕಿತು, ಈ ವೇದಿಕೆಯಲ್ಲಿರುವ ಬಹುತೇಕರು ಇಲ್ಲಿಗೆ ಬಂದದ್ದು ಆಗ ತೆರೆದ ಬಾಗಿಲಿನಿಂದ. ಈ ನಾಲ್ಕನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಬದಲಾವಣೆ ಮತ್ತು ನಿರಂತರತೆಯ ದೀರ್ಘ ಪ್ರಬಂಧಕ್ಕೆ ಅರ್ಧ ದಾರಿ ಸವೆದಂತೆ. ಆದರೆ ಆಂಡ್ರೂ ಜಾಕ್ಸನ್‌ನ ಬ್ಯಾಂಕ್ ಜಗಳದ ನಡುವೆ ಗಾಂಧೀಜಿಯನ್ನು ಕರೆತಂದರೆ ಓದುಗರಿಗೆ ಹೊಸದಾಗಿ ಕಾಣುವುದಿಲ್ಲ, ದಾರಿ ತಪ್ಪಿದಂತೆ ಕಾಣುತ್ತದೆ.

ಕಳೆದ ವರ್ಷ ಬರೆದವನು
ಮಾರ್ಚ್ 29

ನಾನು ಈಗ ಕಾಲೇಜಿನ ಮೊದಲ ವರ್ಷ. ಈ ಪರೀಕ್ಷೆಯಲ್ಲಿ 5 ಬಂದಿತ್ತು. ಬಹು ಆಯ್ಕೆಯ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ಎರಡು ಮಾತು.

38 ಸರಿ ಎಂದರೆ 17 ತಪ್ಪು. ಆ ಹದಿನೇಳನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಏಕೆ ತಪ್ಪಾಯಿತು ಎಂದು ಬರೆಯಬೇಕು: ವಿಷಯ ಗೊತ್ತಿರಲಿಲ್ಲವೋ, ಉದ್ಧೃತ ಭಾಗವನ್ನು ಅವಸರದಲ್ಲಿ ಓದಿದ್ದೋ, ಎರಡು ಆಯ್ಕೆಗಳ ನಡುವೆ ಎಡವಿದ್ದೋ. ನನ್ನದರಲ್ಲಿ ಅರ್ಧಕ್ಕಿಂತ ಹೆಚ್ಚು ಮೂರನೆಯ ಬಗೆಯವು. ಉದ್ಧೃತ ಭಾಗದ ಕೆಳಗಿನ ಇಸವಿಯನ್ನು ನೋಡದೆ, ಸರಿಯಾದ ಸಂಗತಿ ಆದರೆ ತಪ್ಪು ಕಾಲ ಇರುವ ಆಯ್ಕೆಯನ್ನು ಗುರುತಿಸುತ್ತಿದ್ದೆ. ಇಸವಿ ಮೊದಲು, ಭಾಗ ಆಮೇಲೆ ಎಂದು ಅಭ್ಯಾಸ ಮಾಡಿಕೊಂಡ ಮೇಲೆ ಆರೇಳು ಪ್ರಶ್ನೆ ಹೆಚ್ಚು ಸರಿಯಾದವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ.

ಇನ್ನೊಂದು, ಮೊದಲ ಅಧ್ಯಾಯದಿಂದ ಓದಲು ಕೂರಬೇಡಿ. 1491ರಿಂದ 1607ರ ಘಟ್ಟಕ್ಕೂ 1980ರ ಈಚಿನದಕ್ಕೂ ನೂರಕ್ಕೆ 4ರಿಂದ 6ರಷ್ಟೇ ತೂಕ. 1754ರಿಂದ 1980ರ ನಡುವಿನ ಆರು ಘಟ್ಟಗಳಿಗೆ ತಲಾ 10ರಿಂದ 17. ನಾನು ಕೊಲಂಬಸ್‌ನನ್ನು ನಾಲ್ಕು ಸಲ ಓದಿ ರೂಸ್‌ವೆಲ್ಟ್‌ಗೆ ಬರುವ ಹೊತ್ತಿಗೆ ಏಪ್ರಿಲ್ ಮುಗಿದಿತ್ತು.

ನಾನು ಬರೆದದ್ದು ಕಾಗದದಲ್ಲಿ, ಈ ವರ್ಷದಿಂದ ಎಲ್ಲವೂ ಬ್ಲೂಬುಕ್ ಆ್ಯಪ್‌ನಲ್ಲಿ. ಪ್ರಬಂಧವನ್ನೂ ಟೈಪ್ ಮಾಡಬೇಕು. ನಿಮ್ಮ ಮಗಳು ಮಾದರಿ ಪರೀಕ್ಷೆಯನ್ನು ಕೈಯಲ್ಲಿ ಬರೆದಳೋ ಟೈಪ್ ಮಾಡಿದಳೋ?

ನಿದ್ದೆಗೆಟ್ಟ ಅಮ್ಮ
ಮಾರ್ಚ್ 30

ಕೈಯಲ್ಲಿ! ಯಾರಿಗೂ ಹೊಳೆದಿರಲಿಲ್ಲ. ಇವತ್ತೇ ಬ್ಲೂಬುಕ್‌ನಲ್ಲಿ ಅಭ್ಯಾಸ ಶುರು ಮಾಡಿದಳು. ದಾಖಲೆ ಒಂದು ಕಡೆ, ಬರೆಯುವ ಜಾಗ ಇನ್ನೊಂದು ಕಡೆ, ಏಳು ದಾಖಲೆಗಳ ನಡುವೆ ಓಡಾಡಿ ತಲೆ ತಿರುಗಿತಂತೆ. ಈಗ ಪ್ರತಿ ದಾಖಲೆಗೂ ಕಚ್ಚಾ ಹಾಳೆಯಲ್ಲಿ ನಾಲ್ಕು ಪದ ಬರೆದುಕೊಂಡು ಆಮೇಲೆ ಪರದೆಗೆ ಹೋಗುತ್ತಾಳೆ.

ಇನ್ನೊಂದು ವಿಷಯ. ಅವಳ ಪ್ರಬಂಧವನ್ನು ಇಲ್ಲಿ ಹಾಕಿದ್ದು ಅವಳಿಗೆ ಗೊತ್ತಾಗಿ ಒಂದು ದಿನ ಮಾತು ಬಿಟ್ಟಿದ್ದಳು. ಮರುದಿನ ಕೆಂಪುಶಾಯಿಯವರ ಉತ್ತರವನ್ನು ಓದಿಸಿಕೊಂಡಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಟೈಪಿಸುತ್ತಿದ್ದೇನೆ: 'ಅನಾದಿ ಕಾಲದ ವಾಕ್ಯವನ್ನು ನನಗೆ ಎಂಟನೆಯ ತರಗತಿಯಲ್ಲಿ ಕಲಿಸಿದರು, ನನ್ನ ತಪ್ಪಲ್ಲ. ಆದರೆ ಥೀಸಿಸ್ ವಿಷಯದಲ್ಲಿ ಅವರು ಹೇಳಿದ್ದು ಸರಿ. ಕಾಂಪ್ಲೆಕ್ಸಿಟಿ ಎಂಬ, ವಿಷಯದ ಸಂಕೀರ್ಣತೆ ತೋರಿಸಿದ್ದಕ್ಕೆ ಕೊಡುವ ಕೊನೆಯ ಅಂಕದ ಬಗ್ಗೆ ಕೇಳು. ನಮ್ಮ ತರಗತಿಯಲ್ಲಿ ಅದು ಯಾರಿಗೂ ಸಿಗುವುದಿಲ್ಲ ಎನ್ನುತ್ತಾರೆ.'

ಕೆಂಪುಶಾಯಿ
ಮಾರ್ಚ್ 31

ಮಗುವಿಗೆ ಹೇಳಿ: ಅದು ಹಳೆಯ ಮಾತು. 2023-24ರ ಶಾಲಾ ವರ್ಷದಿಂದ ರೂಬ್ರಿಕ್ ಸಡಿಲವಾಗಿದೆ. ಮೊದಲು ಸಾಕ್ಷ್ಯದ ಎರಡನೆಯ ಅಂಕಕ್ಕೆ ಆರು ದಾಖಲೆ ಬೇಕಿತ್ತು, ಈಗ ನಾಲ್ಕು. ಸೋರ್ಸಿಂಗ್‌ಗೆ ಮೂರು ಬೇಕಿತ್ತು, ಈಗ ಎರಡು. ಕಾಂಪ್ಲೆಕ್ಸಿಟಿಗೂ ದಾರಿಗಳು ಸ್ಪಷ್ಟವಾಗಿವೆ. ಏಳೂ ದಾಖಲೆಗಳನ್ನು ವಾದಕ್ಕೆ ಸರಿಯಾಗಿ ಬಳಸುವುದು ಒಂದು ದಾರಿ, ನಾಲ್ಕು ದಾಖಲೆಗಳಿಗೆ ಸೋರ್ಸಿಂಗ್ ಮಾಡುವುದು ಇನ್ನೊಂದು. ವೇಗವಾಗಿ ಟೈಪ್ ಮಾಡುವ ಮಕ್ಕಳಿಗೆ ಮೊದಲನೆಯದು ಎಟಕುತ್ತದೆ. ಆದರೆ ಅದಕ್ಕೆ ಆಸೆಪಟ್ಟು ಥೀಸಿಸ್‌ಗೆ ಕೊಡಬೇಕಾದ ಐದು ನಿಮಿಷವನ್ನು ಕಳೆದುಕೊಳ್ಳಬಾರದು.

ಮನೆಯಲ್ಲಿ ಹಳೆಯ ಗೈಡ್ ಇದ್ದರೆ ಮುದ್ರಣದ ವರ್ಷ ನೋಡಿ. ಪ್ರಬಂಧಕ್ಕೆ ಅಂಕ ಹಾಕುವಾಗ ಗೈಡ್ ಪಕ್ಕಕ್ಕಿಡಿ. ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಗಳು, ಮಕ್ಕಳ ನಿಜವಾದ ಉತ್ತರಗಳು, ಪ್ರತಿ ಉತ್ತರಕ್ಕೆ ಏಕೆ ಅಷ್ಟು ಅಂಕ ಎಂಬ ವಿವರಣೆ ಎಲ್ಲವನ್ನೂ ಉಚಿತವಾಗಿ ಇಟ್ಟಿದೆ. ಮೊದಲು ಆ ಉತ್ತರಗಳಿಗೆ ಅವಳೇ ಅಂಕ ಹಾಕಲಿ, ಆಮೇಲೆ ಅಧಿಕೃತ ಅಂಕ ನೋಡಲಿ. ಎರಡೂ ಹೊಂದಿಕೊಳ್ಳಲು ಶುರುವಾದ ದಿನ ತನ್ನ ಪ್ರಬಂಧಕ್ಕೆ ತಾನೇ ಹಾಕಿಕೊಂಡ ಅಂಕವನ್ನೂ ನಂಬಬಹುದು.

ನಿದ್ದೆಗೆಟ್ಟ ಅಮ್ಮ
ಏಪ್ರಿಲ್ 27

ಎರಡನೆಯ ಮಾದರಿ ಪರೀಕ್ಷೆ ಮುಗಿಯಿತು, ಈ ಸಲ ಟೈಪ್ ಮಾಡಿ. ಬಹು ಆಯ್ಕೆ 41, ಕಿರು ಉತ್ತರ 7, ಡಿಬಿಕ್ಯೂ 5, ದೀರ್ಘ ಪ್ರಬಂಧ 4. ಪ್ರಬಂಧಗಳನ್ನು ಗೆಳತಿಯೊಬ್ಬಳೊಂದಿಗೆ ಅದಲು ಬದಲು ಮಾಡಿಕೊಂಡು ತಿದ್ದಿದರು. ಆ ಹುಡುಗಿ ಕೈ ಬಹಳ ಬಿಗಿಯಂತೆ. ಲೆಕ್ಕಿಗರೇ, ನಾನೇ ಮಾಡಿದೆ: 29.8, 15.6, 17.9, 10. ಒಟ್ಟು 73.3. ಸರಿಯೇ?

ಲೆಕ್ಕಿಗ
ಏಪ್ರಿಲ್ 27

ಸರಿ. 59ರಿಂದ 73. ಅದರಲ್ಲಿ ಬಹು ಆಯ್ಕೆಯಿಂದ ಬಂದದ್ದು ಎರಡೇ ಅಂಕ, ಉಳಿದ ಹನ್ನೆರಡೂ ಬರವಣಿಗೆಯಿಂದ. ಇದು 4 ಇರಬಹುದು, 5 ಕೂಡ ಇರಬಹುದು, ಹೇಳಲಾರೆ. ಕ್ಯಾಲ್ಕುಲೇಟರ್ ಮಾತ್ರ ಮತ್ತೆ ತೆರೆಯಬೇಡಿ.

ಹಳೇ ಹುಬ್ಬಳ್ಳಿ
ಮೇ 14

ಪರೀಕ್ಷೆ ಹೇಗಾಯಿತು?

ನಿದ್ದೆಗೆಟ್ಟ ಅಮ್ಮ
ಮೇ 14

ಬಹು ಆಯ್ಕೆಯ ಪ್ರಶ್ನೆಗಳ ಬಗ್ಗೆ ಯಾರೊಂದಿಗೂ ಮಾತಾಡುವಂತಿಲ್ಲವಂತೆ, ನನ್ನೊಂದಿಗೂ ಇಲ್ಲ. ಡಿಬಿಕ್ಯೂನಲ್ಲಿ ಏಳೂ 'ಶಾಸನ'ಗಳನ್ನು ಬಳಸಿದಳಂತೆ. ದೀರ್ಘ ಪ್ರಬಂಧಕ್ಕೆ ಸಮಯ ಕಡಿಮೆಯಾಗಿ ಕೊನೆಯ ಪ್ಯಾರಾ ಅರ್ಧಕ್ಕೆ ನಿಂತಿತು. ಡಿಬಿಕ್ಯೂಗೂ ಅದಕ್ಕೂ ಸೇರಿ ನೂರು ನಿಮಿಷ, ಹಂಚಿಕೊಳ್ಳುವುದು ನಮ್ಮ ಕೈಯಲ್ಲೇ. ಮೊದಲನೆಯದಕ್ಕೇ ಎಪ್ಪತ್ತು ಸುರಿದಳಂತೆ. ಬಂದವಳೇ ಮಲಗಿದಳು, ರಾತ್ರಿ ಊಟಕ್ಕೆ ಎದ್ದಳು.

ನಿದ್ದೆಗೆಟ್ಟ ಅಮ್ಮ
ಜುಲೈ 8

4 ಬಂದಿದೆ.

ಯಾವ ಭಾಗದಲ್ಲಿ ಎಷ್ಟು ಎಂದು ತೋರಿಸುವುದಿಲ್ಲ, ಒಂದೇ ಒಂದು ಅಂಕಿ. 5 ತಪ್ಪಿದ್ದು ಆ ಅರ್ಧ ಪ್ಯಾರಾದಿಂದಲೋ ಎಂದು ನಾನು ಒಮ್ಮೆ ಅಂದೆ, ಅವಳು ಒಂದು ನೋಟ ನೋಡಿದಳು, ಅಲ್ಲಿಗೆ ಬಿಟ್ಟೆ. ಕೆಂಪುಶಾಯಿಯವರಿಗೆ ಏನು ಹೇಳಲಿ ಎಂದು ಕೇಳಿದ್ದಕ್ಕೆ, 'ಮುಂದಿನ ವರ್ಷ ಎಪಿ ಸರ್ಕಾರ ವಿಷಯದಲ್ಲೂ ಪ್ರಬಂಧ ಇದೆ, ಅದರ ರೂಬ್ರಿಕ್ ಬೇರೆ, ಅವರಿಗೆ ಅದೂ ಗೊತ್ತಿದೆಯೇ ಕೇಳು' ಎಂದಳು.

ಕೆಂಪುಶಾಯಿ
ಜುಲೈ 8

ಗೊತ್ತಿದೆ. ಆಗಸ್ಟ್‌ನಲ್ಲಿ ಬರಲಿ. ಈ ಸಲ ಅವಳನ್ನು ಕೇಳಿಯೇ ಹಾಕಿ.

ಗುರಿ ಐದು
ಜುಲೈ 9

ಅಭಿನಂದನೆಗಳು. ನನ್ನ ಮಗ ಈ ವರ್ಷ ಇದೇ ವಿಷಯ ತೆಗೆದುಕೊಳ್ಳುತ್ತಿದ್ದಾನೆ. ನಿಮ್ಮ ಬಳಿ ಗೈಡ್ ಇದ್ದರೆ ಕೊಡುತ್ತೀರಾ?

ನಿದ್ದೆಗೆಟ್ಟ ಅಮ್ಮ
ಜುಲೈ 9

ಇದೆ, ಆದರೆ 2021ರದ್ದು. ಆರು ದಾಖಲೆ ಎಂದಿರುವ ಕಡೆಯೆಲ್ಲ ಮಗಳು ಹೊಡೆದುಹಾಕಿ ನಾಲ್ಕು ಎಂದು ಬರೆದಿದ್ದಾಳೆ. ಕೊಲಂಬಸ್‌ನ ಅಧ್ಯಾಯ ಮಾತ್ರ ಹೊಸದರಂತಿದೆ. ಅಂಚೆಯ ಖರ್ಚು ನಿಮ್ಮದು.